ಅರಸರ ಎಲೆ, ಅಜ್ಜಿಯ ಮಣೆ

ಆಟಿಯ ತಿಂಗಳು. ಸುಳ್ಯ ತಾಲ್ಲೂಕಿನ ಗುತ್ತಿಗಾರಿನಲ್ಲಿ ಘಟ್ಟದ ಮಳೆ ಹಗಲಿರುಳೆನ್ನದೆ ಸುರಿಯುವ ಕಾಲ. ಅಂಗಳದಲ್ಲಿ ಕಾಲಿಡುವಂತಿಲ್ಲ, ಅಡಕೆ ತೋಟದತ್ತ ಸುಳಿಯುವಂತಿಲ್ಲ. ತುಳುನಾಡಿನ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಚೆನ್ನೆಮಣೆ ಕೆಳಗಿಳಿಯುತ್ತಿದ್ದುದು ಇಂಥ ದಿನಗಳಲ್ಲಿಯೇ. ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ ನಾಲ್ಕರಂತೆ 56 ಕೆಂಪು ಮಂಜೊಟ್ಟಿ ಕಾಳುಗಳು. ಆಡುವವರ ಕೈಯಲ್ಲಿ ನಿಯಮದ ಪುಸ್ತಕವಿರುವುದಿಲ್ಲ. ಅಜ್ಜಿ ಹೇಳಿದ್ದೇ ನಿಯಮ, ಅಜ್ಜಿ ಕೊಟ್ಟದ್ದೇ ತೀರ್ಪು.

ತೀರ್ಪು ಕೊಡುವವರಿಲ್ಲದ ಆಟ ಎಲ್ಲಿಗೆ ಮುಟ್ಟೀತೆಂಬುದನ್ನು ಸಿರಿಯ ಪಾಡ್ದನ ಹೇಳುತ್ತದೆ. ಅವಳಿ ಸೋದರಿಯರಾದ ಅಬ್ಬಗ–ದಾರಗರು ಚೆನ್ನೆಯಾಡಲು ಕುಳಿತು ಜಗಳಕ್ಕೆ ಬಿದ್ದರು. ಸಿಟ್ಟಿನ ಭರದಲ್ಲಿ ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳನ್ನು ಹೊಡೆದು ಕೊಂದಳು. ಆಮೇಲೆ ತಾನೂ ಬಾವಿಗೆ ಹಾರಿದಳು. ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆಯಾಡಬಾರದೆಂಬ ಕಟ್ಟಳೆ ತುಳುನಾಡಿನಲ್ಲಿ ಬೆಳೆದು ಬಂದಿದೆ. ಆಟವೆಂಬುದು ಎಷ್ಟು ಸಣ್ಣದಾದರೂ ಅದರ ಒಡಲಲ್ಲಿ ಒಂದು ಯುದ್ಧ ಅಡಗಿರುತ್ತದೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು.

ಚೆನ್ನೆಯಲ್ಲಿ ಎಲ್ಲ ಕಾಳಿಗೂ ಒಂದೇ ಬೆಲೆ. ಆದುದರಿಂದ ಅಜ್ಜಿಯ ನೆನಪೊಂದೇ ಅದಕ್ಕೆ ಸಾಕು. ಆದರೆ ಆನೆ, ಕುದುರೆ, ಕಾಲಾಳು, ಕೋಟೆ, ಬೊಕ್ಕಸಗಳೆಲ್ಲ ಕೂಡಿದ ದಂಡಿನ ಆಟಕ್ಕೆ ನೆನಪು ಸಾಲದು. ಯಾವುದು ಯಾವುದನ್ನು ಗೆಲ್ಲುತ್ತದೆಂಬುದನ್ನು ಎಲ್ಲಿಯಾದರೂ ಗುರುತಿಸಿಡಲೇಬೇಕು. ಹಾಗೆ ಗುರುತಿಸಿಡಲು ಒದಗಿದ ಸಾಧನಗಳಲ್ಲೊಂದು, ಕೈಯಲ್ಲಿ ಹಿಡಿಯಬಹುದಾದ ಎಲೆ.

ಬಾಬರನು 1527ರಲ್ಲಿ ತನ್ನ ಮಿತ್ರನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದುದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅವನ ಮೊಮ್ಮಗ ಅಕ್ಬರನ ಆಸ್ಥಾನದ ಗಂಜೀಫಾವನ್ನು ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ವರ್ಣಿಸಿದ್ದಾನೆ. ಪಂಗಡಕ್ಕೆ 12 ಎಲೆಗಳಂತೆ 12 ಪಂಗಡಗಳು, ಒಟ್ಟು 144 ಎಲೆಗಳು. ಪಂಗಡಗಳ ಹೆಸರನ್ನು ಕೇಳಿದರೆ ಸಾಕು, ಕಣ್ಣೆದುರಿಗೆ ಒಂದು ದಂಡೇ ನಿಲ್ಲುತ್ತದೆ: ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ, ದಳಪತಿ, ನಾವಪತಿ ಇತ್ಯಾದಿ. ಅಕ್ಬರನು ಈ ಹಳೆಯ ಎಲೆಗಳನ್ನು ಹಾಗೆಯೇ ಬಿಡದೆ ತನಗೆ ಸರಿತೋರಿದಂತೆ ತಿದ್ದಿದನು. ಆಟ ಬದಲಾದರೆ ಎಲೆಯೂ ಬದಲಾಗಬೇಕೆಂಬ ಪದ್ಧತಿ ಇಂದು ನಿನ್ನೆಯದಲ್ಲ.

ಕನ್ನಡ ನಾಡಿನಲ್ಲಿ ಈ ತಿದ್ದುವ ಕೆಲಸವನ್ನು ಯಾರೂ ಮಾಡದಷ್ಟು ದೂರ ಕೊಂಡೊಯ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಬಾಲಕನಾಗಿ ಸಿಂಹಾಸನವೇರಿದ ಅರಸರ ಕೈಯಿಂದ 1831ರಲ್ಲಿ ಆಂಗ್ಲರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಿ ದೊರೆಯಲಿಲ್ಲ. ದಂಡಿಲ್ಲದ ದೊರೆ ಚದುರಂಗದ ಮಣೆಯ ಮೇಲೆ ದಂಡು ನಡೆಸಿದರು. ಒಂದೇ ಕುದುರೆಯನ್ನು 64 ಮನೆಗಳಿಗೂ ಒಂದೊಂದು ಸಲ ಹಾಯಿಸುವ ತುರಗಗತಿಯ ಲೆಕ್ಕಗಳನ್ನು ಬಿಡಿಸಿದರು. ಅಷ್ಟರಿಂದಲೂ ತೃಪ್ತರಾಗದೆ ಗಂಜೀಫಾದತ್ತ ತಿರುಗಿದರು.

ದೇಶದಲ್ಲಿ ಬಳಕೆಯಲ್ಲಿದ್ದ ದಶಾವತಾರ ಗಂಜೀಫಾಕ್ಕೆ ಹತ್ತು ಅವತಾರಗಳ ಹತ್ತು ಪಂಗಡ, 120 ಎಲೆಗಳು. ಪ್ರತಿ ಪಂಗಡಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಸಂಖ್ಯೆಯ ಎಲೆಗಳು. ಅರ್ಧ ಪಂಗಡಗಳಲ್ಲಿ ಹತ್ತು ಹೆಚ್ಚಿನದಾದರೆ ಉಳಿದರ್ಧದಲ್ಲಿ ಒಂದೇ ಹೆಚ್ಚಿನದು. ಹಗಲಿನಲ್ಲಿ ಆಡಿದರೆ ರಾಮನದು ಮೊದಲ ಎಲೆ, ರಾತ್ರಿಯಾದರೆ ಕೃಷ್ಣನದು. ಇಷ್ಟನ್ನೇ ನೆನಪಿನಲ್ಲಿಡುವುದು ಸುಲಭವಲ್ಲ. ಮುಮ್ಮಡಿಯವರು ಏರ್ಪಡಿಸಿದ ಹೊಸ ಆಟಗಳಿಗೆ ‘ಛದ’ವೆಂದು ಹೆಸರು, ಛದವೆಂದರೆ ಎಲೆ. ಅವುಗಳಲ್ಲಿ ಪಂಗಡಕ್ಕೆ 12 ಸಂಖ್ಯೆಯ ಎಲೆಗಳು, ಅವುಗಳ ಮೇಲೆ ಆರು ಚಿತ್ರದ ಎಲೆಗಳು. ಕೆಲವು ಕಟ್ಟುಗಳು 360 ಎಲೆಗಳವರೆಗೆ ಬೆಳೆದವು. ಇಷ್ಟೊಂದು ವಿವರವನ್ನು ತಲೆಯಲ್ಲಿ ಹೊತ್ತು ತಿರುಗಲು ಯಾರಿಂದಲೂ ಆಗದು. ಆದುದರಿಂದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ‘ಕೌತುಕನಿಧಿ’ಯಲ್ಲಿ ಈ ಆಟಗಳ ವಿವರಕ್ಕೂ ಚಿತ್ರಗಳಿಗೂ ಎಡೆ ದೊರೆಯಿತು.

ಇದೇ ಕಷ್ಟ ಪಶ್ಚಿಮದವರಿಗೂ ಎದುರಾಯಿತು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಭೂಪಟದ ಮೇಲೆ ಆಡುವ ಯುದ್ಧದಾಟವನ್ನು ತನ್ನ ಮೇಲಧಿಕಾರಿಗಳಿಗೆ ತೋರಿಸಿದಾಗ, ಗುಂಡೇಟಿನ ಫಲವನ್ನು ದಾಳ ಉರುಳಿಸಿ ಕೋಷ್ಟಕದಲ್ಲಿ ನೋಡಿಕೊಳ್ಳಬೇಕಾಗಿತ್ತು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ತವರದ ಸೈನಿಕರನ್ನು ನೆಲದ ಮೇಲೆ ಹೂಡಿ ಆಡುವ ಬಗೆಯನ್ನು ಪುಸ್ತಕವಾಗಿ ಬರೆದನು. ಈಚಿನ ಗೊಂಬೆ ಸೈನ್ಯದ ಆಟಗಳಲ್ಲಿ ಎಷ್ಟೋ ವೇಳೆ ಪ್ರತಿ ಗೊಂಬೆಗೂ ಒಂದು ಎಲೆ ಇರುತ್ತದೆ. ಅದರ ಬಲ, ವೇಗ, ಬೆಲೆಗಳೆಲ್ಲ ಎಲೆಯ ಮೇಲೆಯೇ ಅಚ್ಚಾಗಿರುತ್ತವೆ. ನಿಯಮವನ್ನು ತಿದ್ದಿದರೆ ಗೊಂಬೆ ಹಳೆಯದೇ ಉಳಿದು ಎಲೆಗಳ ಕಟ್ಟಷ್ಟೇ ಹೊಸದಾಗುತ್ತದೆ. 2012ರಲ್ಲಿ ಹೊರಬಂದ ‘ಎಕ್ಸ್-ವಿಂಗ್’ ಎಂಬ ಆಟಕ್ಕೆ 2018ರಲ್ಲಿ ಎರಡನೆಯ ಆವೃತ್ತಿ ಬಂದಾಗ, ಹಳೆಯ ವಿಮಾನಗಳಿಗೆ ಹೊಂದುವ ಹೊಸ ಎಲೆಗಳ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಮಾರಲಾಯಿತು. ಹಳೆಯ ಎಲೆ ಹಿಡಿದವನೂ ಹೊಸ ಎಲೆ ಹಿಡಿದವನೂ ಎದುರುಬದುರು ಕುಳಿತರೆ ಅಬ್ಬಗ–ದಾರಗರ ಜಗಳ ಮತ್ತೆ ಆರಂಭವಾದೀತಷ್ಟೆ!

ಎಲೆಯಲ್ಲಿ ನಿಯಮ ಅಡಗಿದ್ದರೆ ಜಗಳಕ್ಕೆ ಎಡೆಯಿಲ್ಲವೆಂಬುದು ನಿಜ. ಆದರೆ ಎಲೆಗಳು ಮಿತಿಮೀರಿದರೆ ಆಡುವವರೇ ಉಳಿಯುವುದಿಲ್ಲ. ಮುಮ್ಮಡಿಯವರ ಛದಗಳಿಗೆ ಒದಗಿದ ಗತಿ ಇದೇ. ಒಂದೊಂದು ಎಲೆಯನ್ನೂ ಕೈಯಿಂದಲೇ ಬರೆಯಬೇಕು. ಮುನ್ನೂರಕ್ಕೂ ಮಿಕ್ಕ ಎಲೆಗಳ ಕಟ್ಟನ್ನು ಯಾವ ಗೃಹಸ್ಥನು ಕೊಂಡಾನು? ಆಟ ಅರಮನೆಯ ಬಾಗಿಲು ದಾಟಿ ಜನರ ನಡುವೆ ಹರಡಲಿಲ್ಲ. ಅಷ್ಟರಲ್ಲಿ ಇಸ್ಪೀಟು, ಆಟೀನುಗಳ 52 ಎಲೆಯ ಅಚ್ಚಿನ ಕಟ್ಟು ಅಗ್ಗದ ಬೆಲೆಗೆ ಅಂಗಡಿಗೆ ಬಂದು ಗಂಜೀಫಾದ ಸ್ಥಾನವನ್ನು ಆಕ್ರಮಿಸಿತು.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕಲಾವಿದ ಗಂಜೀಫಾ ರಘುಪತಿ ಭಟ್ಟರು ಈ ಚಿತ್ರಗಳಿಗೆ ಮರುಜೀವ ತಂದರು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಬಣ್ಣ ಉಳಿಯಿತು, ರೇಖೆ ಉಳಿಯಿತು. ಗೋಡೆಗೆ ತೂಗುಹಾಕಿದ ಆ ದುಂಡನೆಯ ಎಲೆಗಳನ್ನು ನೋಡಿ ಮೆಚ್ಚುವವರು ಅನೇಕರು. ಅವನ್ನು ಕೈಗೆ ಕೊಟ್ಟು ‘ಆಡಿ’ ಎಂದರೆ ಆಡಬಲ್ಲವರು ತೀರ ವಿರಳ.

ಅರಸರು ತಮ್ಮ ಆಟವನ್ನು ಗ್ರಂಥದಲ್ಲಿಯೂ ಎಲೆಯಲ್ಲಿಯೂ ಭದ್ರಪಡಿಸಿದರು. ಆದರೆ ಮುಂದಿನವರನ್ನು ಎದುರಿಗೆ ಕೂರಿಸಿಕೊಂಡು ಆಡಿಸುವ ಒಬ್ಬ ಅಜ್ಜಿ ಆ ಆಟಕ್ಕೆ ದೊರೆಯಲಿಲ್ಲ. ಚೆನ್ನೆಗೆ ಅವಳು ದೊರೆತಿದ್ದಳು. ಇಂದು ಗುತ್ತಿಗಾರಿನಂಥ ಊರುಗಳ ಮಕ್ಕಳೂ ಓದಿಗಾಗಿ ಪಟ್ಟಣ ಸೇರುತ್ತಾರೆ. ಮಣೆ ಅಟ್ಟದಲ್ಲಿಯೇ ಉಳಿಯುತ್ತದೆ. ಈ ಆಟಿಯಲ್ಲಿ ಊರಿಗೆ ಹೋದವರು ಅದನ್ನು ಕೆಳಗಿಳಿಸಿ ಧೂಳು ಕೊಡವಿ, ಅಜ್ಜಿಯಿರುವಾಗಲೇ ಒಂದು ಆಟ ಕಲಿತುಕೊಳ್ಳುವುದು ಲೇಸು. ಮಣೆಯನ್ನು ಬಡಗಿ ಎಂದು ಬೇಕಾದರೂ ಮಾಡಿಕೊಟ್ಟಾನು. ಆಟವನ್ನು ಕೊಡಬಲ್ಲವಳು ಅವಳೊಬ್ಬಳೇ.