ಹರೆಯದ ಮಕ್ಕಳ ಕೈ ಜೋಮು: ಎಣ್ಣೆಗೆ ಮುನ್ನ ಪರೀಕ್ಷೆ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಪಿಯುಸಿ ಓದುತ್ತಿದ್ದ ಹುಡುಗನನ್ನು ಅವನ ತಂದೆ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಬಲಗೈಯ ಕಿರುಬೆರಳು ಜೋಮು ಹಿಡಿಯುತ್ತಿತ್ತು, ಬರವಣಿಗೆ ಕೆಟ್ಟಿತ್ತು. "ಎಲ್ಲಾ ಸೋಮಾರಿತನ, ಡಾಕ್ಟ್ರೇ" ಎಂದರು ತಂದೆ. ನಾನು ವಾತವಿಕಾರವೆಂದು ಬಗೆದು ಎರಡು ತಿಂಗಳು ತೈಲಾಭ್ಯಂಗ ಮಾಡಿಸಿದೆ. ಮೊಣಕೈಯನ್ನು ಮುಟ್ಟಿ ನೋಡಲಿಲ್ಲ. ಅಷ್ಟರಲ್ಲಿ ಹೆಬ್ಬೆರಳು-ತೋರುಬೆರಳುಗಳ ನಡುವಿನ ಮಾಂಸಖಂಡ ಸೊರಗಿತ್ತು. ಬಾಲ್ಯದಲ್ಲಿ ಮರದಿಂದ ಬಿದ್ದು ಮುರಿದಿದ್ದ ಮೊಣಕೈ ಓರೆಯಾಗಿ ಕೂಡಿಕೊಂಡು, ಅಲ್ಲಿನ ನರ ಒತ್ತಡಕ್ಕೆ ಸಿಲುಕಿತ್ತು. ಶಸ್ತ್ರಚಿಕಿತ್ಸೆಯಿಂದ ಜೋಮು ನಿಂತಿತು. ಕೈಯ ಹಿಡಿತ ಮಾತ್ರ ಪೂರ್ಣವಾಗಿ ಮರಳಲಿಲ್ಲ. ಆ ತಪ್ಪು ನನ್ನದು.

ಮೊಣಕೈಯ ಒಳಬದಿಯ ಮೂಳೆಯ ಹಿಂದೆ, ಚರ್ಮದ ಕೆಳಗೇ ಅಲ್ನಾರ್ ನರ ಹಾದುಹೋಗುತ್ತದೆ. ಅಲ್ಲಿ ಏಟು ತಗುಲಿದರೆ ಕಿರುಬೆರಳಿನವರೆಗೆ ಮಿಂಚು ಹರಿದಂತಾಗುವುದು ಎಲ್ಲರ ಅನುಭವ. ಕಿರುಬೆರಳು ಹಾಗೂ ಉಂಗುರಬೆರಳಿನ ಅರ್ಧಭಾಗ ಮರಗಟ್ಟಿದರೆ ಈ ನರವನ್ನು ಶಂಕಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಾದರೆ ಮಣಿಕಟ್ಟನ್ನೂ ಕುತ್ತಿಗೆಯನ್ನೂ ಪರೀಕ್ಷಿಸಬೇಕು.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಕಾಗದ ಹಿಡಿಸಿ ಎಳೆಯಿರಿ. ಅದನ್ನು ಹಿಡಿದಿಡಲು ಹೆಬ್ಬೆರಳಿನ ತುದಿ ಬಾಗಿದರೆ ಸ್ನಾಯು ದುರ್ಬಲಗೊಂಡಿರಬಹುದು. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆಯಿದ್ದರೆ ಕುಷ್ಠರೋಗದ ತಪಾಸಣೆ ಅಗತ್ಯ. ಅದು ಈ ನರವನ್ನೇ ಹೆಚ್ಚಾಗಿ ಬಾಧಿಸುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧ ಉಚಿತ, ಸಂಕೋಚ ಬೇಡ. ಎರಡೂ ಕೈಕಾಲುಗಳು ಸಮನಾಗಿ ಜೋಮು ಹಿಡಿದರೆ, ವಿಶೇಷವಾಗಿ ಸಸ್ಯಾಹಾರಿಗಳು, ರಕ್ತದಲ್ಲಿ ಬಿ-12 ಪ್ರಮಾಣವನ್ನು ಪರೀಕ್ಷಿಸಿಕೊಳ್ಳಲಿ.

ಆಯುರ್ವೇದವು ಚಿಕಿತ್ಸೆಯ ಮೊದಲ ಹೆಜ್ಜೆಯಾಗಿ ಹೇಳುವುದು ನಿದಾನ ಪರಿವರ್ಜನ, ಅಂದರೆ ರೋಗಕಾರಣವನ್ನು ದೂರಮಾಡುವುದು. ಮೇಜಿನ ಮೇಲೆ ಮೊಣಕೈ ಊರಿ ಗಂಟೆಗಟ್ಟಲೆ ಓದುವುದು, ಮೊಣಕೈ ಮಡಚಿ ಮೊಬೈಲ್ ಹಿಡಿಯುವುದು, ಕೈ ಮಡಚಿ ತಲೆಯ ಕೆಳಗಿಟ್ಟು ಮಲಗುವುದು ನಿಲ್ಲಲಿ. ರಾತ್ರಿ ಮೊಣಕೈಗೆ ಮೆತ್ತನೆಯ ಟವೆಲ್ಲನ್ನು ಸಡಿಲವಾಗಿ ಸುತ್ತಿದರೆ ಕೈ ಹೆಚ್ಚು ಮಡಚದು. ಸೌಮ್ಯ ರೋಗದಲ್ಲಿ ಇಷ್ಟರಿಂದಲೇ ಕೆಲವು ವಾರಗಳಲ್ಲಿ ಗುಣ ಕಾಣುವುದುಂಟು. ಬೆಚ್ಚಗಿನ ಎಣ್ಣೆಯನ್ನು ಹಗುರವಾಗಿ ಸವರಬಹುದು; ನರವಿರುವಲ್ಲಿ ಒತ್ತಿ ತಿಕ್ಕಬಾರದು. ಒತ್ತಡದಲ್ಲಿ ಸಿಲುಕಿದ ನರವನ್ನು ಎಣ್ಣೆಯೊಂದೇ ಬಿಡಿಸಲಾರದು.

ಜೋಮು ಸದಾ ಉಳಿದರೆ, ಹಿಡಿತ ಸಡಿಲಗೊಂಡರೆ, ಮಾಂಸಖಂಡ ಸೊರಗಿದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಬೇಕು. ನರದ ವಹನ ಪರೀಕ್ಷೆಯಿಂದ ಒತ್ತಡವಿರುವ ಸ್ಥಳ ಸಾಮಾನ್ಯವಾಗಿ ತಿಳಿಯುತ್ತದೆ. ಸೊರಗಿದ ಸ್ನಾಯು ಪೂರ್ಣವಾಗಿ ಮರಳುವ ಭರವಸೆಯಿಲ್ಲ.

ಆದುದರಿಂದ ಮಕ್ಕಳು "ಕೈ ಮರಗಟ್ಟುತ್ತಿದೆ" ಎಂದಾಗ ಗದರದಿರಿ. ಯಾವ ಬೆರಳೆಂದು ಕೇಳಿರಿ. ಹಿಂದೆಂದಾದರೂ ಬಿದ್ದ ಪೆಟ್ಟಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿರಿ.