ಎಡಬಲ ಅರಿತ ಮೊಟ್ಟೆ

ಮಳೆ ಹಿಡಿದರೆ ಬೆಳ್ತಂಗಡಿಯ ನಮ್ಮ ಅಡಿಕೆ ತೋಟದ ಕೆರೆಯ ಮೇಲೆ ಮರಗಪ್ಪೆಯ ನೊರೆಗೂಡು ತೂಗುತ್ತದೆ. ಮೂಡುಬಿದಿರೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಪ್ರತಿವರ್ಷ ಅದೇ ಬೆರಗು: ಹೃದಯ, ಕರುಳು ಯಾವ ಕಡೆಗೆಂದು ಆ ಪುಟ್ಟ ಮೊಟ್ಟೆಗೆ ಹೇಗೆ ತಿಳಿಯುತ್ತದೆ?

2005ರಲ್ಲಿ ಜೀವಶಾಸ್ತ್ರಜ್ಞ ಮೈಕೆಲ್ ಲೆವಿನ್ ತಂಡ ಆಫ್ರಿಕಾದ ಉಗುರುಗಪ್ಪೆಯಲ್ಲಿ ಒಂದು ಎಳೆ ಹಿಡಿಯಿತು. ತಾಯಿ ತುಂಬಿಟ್ಟ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕ ಮೊಟ್ಟೆಯಲ್ಲೇ ಇರುತ್ತದೆ. ಮೊಟ್ಟೆ ವಿಭಜನೆಯಾಗಿ ಕೆಲವೇ ಕೋಶಗಳಾಗುವ ಹೊತ್ತಿಗೆ ಅದು ಬಲಬದಿಗೆ ಸರಿಯುತ್ತದೆ ಎಂದು ಆ ತಂಡ ವರದಿ ಮಾಡಿತು. ಅದರ ಎರಡು ಬಗೆಯ ಗ್ರಾಹಕಗಳನ್ನು, ಅಂದರೆ ಸಂದೇಶ ಹಿಡಿಯುವ ಪ್ರೋಟೀನುಗಳನ್ನು, ಔಷಧದಿಂದ ತಡೆದಾಗ ಕೆಲವು ಮರಿಗಳಲ್ಲಿ ಅಂಗಗಳು ಅದಲುಬದಲಾದವು.

“ಸರ್, ಖುಷಿಯ ರಾಸಾಯನಿಕ ಅದೇ ಅಲ್ವಾ?” ಎಂದಳು ತರಗತಿಯಲ್ಲಿ ಇದನ್ನು ಕೇಳಿದ ಬಂಟ್ವಾಳದ ವಿದ್ಯಾರ್ಥಿನಿ.

ಅದೇ, ಮಗಾ. ಮಿದುಳು ಮೂಡುವ ಮೊದಲೇ ಅದರ ದುಡಿಮೆ ಶುರು. ಇಲಿಯ ಭ್ರೂಣದ ಮುಮ್ಮಿದುಳಿಗೆ ಮೊದಮೊದಲು ಅದನ್ನು ಒದಗಿಸುವುದು ಮಾಸು ಎಂದು 2011ರಲ್ಲಿ ಗೊತ್ತಾಯಿತು.