ಬಡ್ತಿಯ ಬೆಲೆ: ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಚರಿತ್ರೆಯಿಂದ ಒಂದು ಪಾಠ

ಸರಕಾರದ ಇಲಾಖೆಗಳಲ್ಲೆಲ್ಲ ಜನಸಾಮಾನ್ಯನಿಗೆ ಅತ್ಯಂತ ಸಮೀಪವಾದುದು ಪೊಲೀಸ್ ಇಲಾಖೆ. ವರ್ಷಕ್ಕೊಮ್ಮೆ ಕಂದಾಯ ಕಟ್ಟಲು ಮಾತ್ರ ಕಚೇರಿಯ ಮೆಟ್ಟಿಲು ಹತ್ತುವವನೂ ಪೊಲೀಸ್ ಪೇದೆಯನ್ನು ದಿನವೂ ಬೀದಿಯಲ್ಲಿ ಕಾಣುತ್ತಾನೆ. ಆ ಪೇದೆಯ ನಡೆ ನುಡಿಗಳಿಂದಲೇ ಅವನು ಸರಕಾರವನ್ನು ಅಳೆಯುತ್ತಾನೆ. ಪೇದೆಯು ಸೌಜನ್ಯದಿಂದ ನಡೆದುಕೊಂಡರೆ ಸರಕಾರ ಒಳ್ಳೆಯದು. ಕೈಯೊಡ್ಡಿದರೆ ಸರಕಾರವೇ ಕೆಟ್ಟದ್ದು. ಆದರೆ ಪೇದೆಯ ನಡತೆಯನ್ನು ರೂಪಿಸುವವರು ಯಾರು? ಅವನ ಮೇಲಧಿಕಾರಿಗಳು. ಆ ಮೇಲಧಿಕಾರಿಗಳು ತಮ್ಮ ಸ್ಥಾನಕ್ಕೆ ಬಂದದ್ದು ಹೇಗೆ? ಈ ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ಪೊಲೀಸರ ಗುಣದೋಷಗಳ ಮೂಲವಾದರೋ ಬಹುಮಟ್ಟಿಗೆ ಇಲ್ಲಿಯೇ ಇದೆ.

ಬಡ್ತಿಯ ಕ್ರಮ ಕೆಟ್ಟರೆ ಇಲಾಖೆಯೊಂದು ಹೇಗೆ ಕೆಡುತ್ತದೆ ಎಂಬುದನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಕೊನೆಯ ನ್ಯೂಯಾರ್ಕ್ ನಗರದಷ್ಟು ಸ್ಪಷ್ಟವಾದ ಉದಾಹರಣೆ ಬೇರೊಂದು ಸಿಕ್ಕುವುದು ಕಷ್ಟ. ಇಂಥ ವ್ಯವಹಾರ ಬೇರೆ ಊರುಗಳಲ್ಲಿಯೂ ನಡೆದಿದ್ದೀತು. ಆದರೆ ನ್ಯೂಯಾರ್ಕಿನಲ್ಲಿ ಕೊಟ್ಟವರೂ ತೆಗೆದುಕೊಂಡವರೂ ಪ್ರಮಾಣ ಮಾಡಿ ಬಹಿರಂಗವಾಗಿ ಹೇಳಿದರು. ಅವರು ಹೇಳಿದ್ದೆಲ್ಲ ಬರವಣಿಗೆಯಲ್ಲಿ ಉಳಿಯಿತು.

ಆಗ ಆ ನಗರದ ಪೊಲೀಸ್ ಇಲಾಖೆಯನ್ನು ನಾಲ್ವರು ಕಮಿಷನರುಗಳ ಮಂಡಲಿಯೊಂದು ನಡೆಸುತ್ತಿತ್ತು. ಅವರ ಕೆಳಗೆ ಸೂಪರಿಂಟೆಂಡೆಂಟ್, ಅವನ ಕೆಳಗೆ ಇನ್‌ಸ್ಪೆಕ್ಟರುಗಳು, ಪ್ರತಿಯೊಂದು ಠಾಣೆಗೂ ಒಬ್ಬ ಕ್ಯಾಪ್ಟನ್, ಅನಂತರ ಸಾರ್ಜೆಂಟರು, ಕಟ್ಟಕಡೆಗೆ ಪೇದೆಗಳು. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಏರ್ಪಾಡೇ. ಆದರೆ ನಗರದ ರಾಜಕೀಯವೆಲ್ಲ ‘ಟ್ಯಾಮನಿ ಹಾಲ್’ ಎಂಬ ಡೆಮೊಕ್ರಾಟಿಕ್ ಪಕ್ಷದ ಸಂಸ್ಥೆಯ ಹಿಡಿತದಲ್ಲಿದ್ದಿತು. ಕಮಿಷನರುಗಳು ಪಕ್ಷದವರು, ನೇಮಕ, ಬಡ್ತಿ, ವರ್ಗಾವಣೆಗಳೆಲ್ಲ ಪಕ್ಷದ ಪುಢಾರಿಗಳ ಮೂಲಕವೇ ನಡೆಯಬೇಕು. ಪರೀಕ್ಷೆಗಳು ಇರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಉತ್ತೀರ್ಣನಾದವನ ಹೆಸರು ಪಟ್ಟಿಯಲ್ಲಿ ಸೇರುತ್ತಿತ್ತು. ಪಟ್ಟಿಯಿಂದ ಮೇಲಕ್ಕೆತ್ತುವ ಕೈ ಬೇರೆಯದಾಗಿತ್ತು.

ಈ ಸಂಗತಿ ಹೊರಬಿದ್ದುದು ಒಬ್ಬ ಪಾದ್ರಿಯಿಂದ. 1892ರ ಫೆಬ್ರವರಿ 14ರಂದು ಚಾರ್ಲ್ಸ್ ಪಾರ್ಕ್‌ಹರ್ಸ್ಟ್ ಎಂಬಾತನು ತನ್ನ ಇಗರ್ಜಿಯಲ್ಲಿ ಉಪದೇಶ ಮಾಡುತ್ತ, ನಗರದ ಪಾತಕಗಳಿಗೆ ಪೊಲೀಸರೂ ರಾಜಕಾರಣಿಗಳೂ ಪಾಲುದಾರರೆಂದು ಆಪಾದಿಸಿದನು. ಸಾಕ್ಷ್ಯವೆಲ್ಲಿ ಎಂದು ಕೇಳಿದಾಗ ಅವನ ಬಳಿ ಇರಲಿಲ್ಲ. ಆಗ ಆ ಪಾದ್ರಿ ಸುಮ್ಮನಾಗದೆ, ವೇಷ ಮರೆಸಿಕೊಂಡು, ಒಬ್ಬ ಪತ್ತೇದಾರನೊಡನೆ ರಾತ್ರಿಯ ಹೊತ್ತು ಜೂಜುಕಟ್ಟೆಗಳನ್ನೂ ವೇಶ್ಯಾಗೃಹಗಳನ್ನೂ ಸ್ವತಃ ಸುತ್ತಿ ನೋಡಿ, ಪ್ರಮಾಣಪತ್ರಗಳೊಡನೆ ಮತ್ತೆ ವೇದಿಕೆಗೆ ಬಂದನು. ಇದರ ಫಲವಾಗಿ 1894ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಟ್, ಕ್ಲಾರೆನ್ಸ್ ಲೆಕ್ಸೋ ಎಂಬ ಸದಸ್ಯನ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಸಮಿತಿಯ ವೆಚ್ಚಕ್ಕೆ ಸರಕಾರದ ಹಣ ಕೊಡಲು ಗವರ್ನರನು ಒಪ್ಪಲಿಲ್ಲ. ನಗರದ ವರ್ತಕರ ಸಂಘ ನೆರವಾಯಿತು. ಆರುನೂರಕ್ಕೂ ಹೆಚ್ಚು ಸಾಕ್ಷಿಗಳು, ಹತ್ತು ಸಾವಿರಕ್ಕೂ ಹೆಚ್ಚು ಪುಟಗಳ ಹೇಳಿಕೆಗಳು. ಇಷ್ಟು ದೊಡ್ಡ ಕಡತದಿಂದ ಎದ್ದು ಕಾಣುವುದು ಒಂದು ಸಣ್ಣ ದರಪಟ್ಟಿ.

ಪೇದೆಯಾಗಿ ಸೇರಬೇಕಾದರೆ ಸುಮಾರು 300 ಡಾಲರು. ಸಾರ್ಜೆಂಟನಾಗಬೇಕಾದರೆ 1,600 ಡಾಲರು. ಕ್ಯಾಪ್ಟನ್ ಪದವಿಗೆ ಹನ್ನೆರಡರಿಂದ ಹದಿನೈದು ಸಾವಿರ ಡಾಲರು. ಈ ಕೊನೆಯ ಅಂಕಿಯನ್ನು ಸ್ವಲ್ಪ ವಿಚಾರಿಸಬೇಕು. ಆಗ ಕ್ಯಾಪ್ಟನನ ಸಂಬಳ ವರ್ಷಕ್ಕೆ ಮೂರು ಸಾವಿರ ಡಾಲರಿಗೂ ಕಡಿಮೆ. ಊಟ ಬಟ್ಟೆಗಳಿಗೆ ಒಂದು ಕಾಸನ್ನೂ ಖರ್ಚುಮಾಡದೆ ಸಂಬಳವನ್ನೆಲ್ಲ ಕೂಡಿಟ್ಟರೂ ಕೊಟ್ಟ ಹಣ ಹಿಂದಕ್ಕೆ ಬರಲು ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು. ಲೆಕ್ಕ ಬಲ್ಲ ಯಾವ ಮನುಷ್ಯನೂ ಸಂಬಳದ ಆಸೆಯಿಂದ ಇಂಥ ವ್ಯಾಪಾರಕ್ಕೆ ಇಳಿಯುವುದಿಲ್ಲ. ಅವನು ಕೊಂಡುಕೊಂಡದ್ದು ಉದ್ಯೋಗವನ್ನಲ್ಲ, ಒಂದು ಠಾಣೆಯ ಎಲ್ಲೆಯೊಳಗೆ ಮಾಮೂಲು ವಸೂಲು ಮಾಡುವ ಗುತ್ತಿಗೆಯನ್ನು.

ಹಾಗಾದರೆ ಹಣ ಕೊಟ್ಟವರೆಲ್ಲ ದುಷ್ಟರೇ? ಹಾಗೆಂದು ತಿಳಿದರೆ ಈ ರೋಗದ ಮರ್ಮ ನಮಗೆ ಸಿಕ್ಕುವುದಿಲ್ಲ. ತಿಮೊಥಿ ಕ್ರೀಡನ್ ಎಂಬ ಕ್ಯಾಪ್ಟನನ ಕಥೆಯನ್ನು ನೋಡಬಹುದು. ಇವನು ಐರಿಷ್ ಮೂಲದವನು. ಅಮೆರಿಕದ ಅಂತರ್ಯುದ್ಧದಲ್ಲಿ ಅನೇಕ ಕದನಗಳಲ್ಲಿ ಹೋರಾಡಿದ ಸೈನಿಕ. ಇಲಾಖೆಯಲ್ಲಿ ದೀರ್ಘಕಾಲ ದುಡಿದು ಒಳ್ಳೆಯ ಹೆಸರು ಪಡೆದವನು. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ಬಡ್ತಿ ಬರಲಿಲ್ಲ. ಹಣವಿಲ್ಲದೆ ಆಗದೆಂದು ಕೊನೆಗೆ ತಿಳಿಯಿತು. ಮೊದಲು ಹೇಳಿದ ಬೆಲೆ ಹನ್ನೆರಡು ಸಾವಿರ. ಬೇರೊಬ್ಬನು ಅಷ್ಟು ಕೊಡಲು ಸಿದ್ಧನಿದ್ದಾನೆಂದು ಹೇಳಿ ಅದನ್ನು ಹದಿನೈದು ಸಾವಿರಕ್ಕೆ ಏರಿಸಿದರು. ಗೆಳೆಯರೂ ಪರಿಚಿತರೂ ಸೇರಿ ಸಾಲವಾಗಿ ಹಣ ಕೂಡಿಸಿಕೊಟ್ಟರು. ಸಮಿತಿಯ ಮುಂದೆ ಬಂದಾಗ ಅವನು ಮೊದಲು ಎಲ್ಲವನ್ನೂ ನಿರಾಕರಿಸಿದನು. ಚಾಡಿಕೋರನೆಂಬ ಹೆಸರು ಐರಿಷ್ ಜನರಲ್ಲಿ ಮರಣಕ್ಕಿಂತ ಕೀಳು. ತನ್ನ ವಂಶಕ್ಕೆ ಆ ಕಳಂಕ ಬಾರದಿರಲೆಂಬುದು ಅವನ ಇಚ್ಛೆ. ಅನಂತರ ಮನಸ್ಸು ಬದಲಾಯಿಸಿ ನಡೆದುದನ್ನೆಲ್ಲ ಹೇಳಿದನು. ಕೂಡಲೇ ಮಂಡಲಿ ಅವನನ್ನು ಅಮಾನತ್ತಿನಲ್ಲಿಟ್ಟಿತು! ಜನರು ಕೆರಳಿದ್ದರಿಂದ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕಾಯಿತು. ಯೋಗ್ಯನಾದವನು ತನ್ನ ಯೋಗ್ಯತೆಗೆ ಸಲ್ಲಬೇಕಾದುದನ್ನೇ ಹಣ ಕೊಟ್ಟು ಕೊಳ್ಳಬೇಕಾಯಿತು. ಕೊಂಡ ಮರುದಿನದಿಂದ ಅವನ ತಲೆಯ ಮೇಲೆ ಸಾಲ. ಕೆಟ್ಟ ಬಡ್ತಿಯ ಕ್ರಮವು ಅಯೋಗ್ಯನನ್ನು ಮೇಲೇರಿಸುವುದಷ್ಟೇ ಅಲ್ಲ, ಯೋಗ್ಯನನ್ನೂ ಅಯೋಗ್ಯನನ್ನಾಗಿ ಮಾಡುತ್ತದೆ.

ಸಾಲ ತೀರುತ್ತಿದ್ದ ಬಗೆಯನ್ನು ಮ್ಯಾಕ್ಸ್ ಸ್ಮಿಟ್‌ಬರ್ಗರ್ ಎಂಬ ಇನ್ನೊಬ್ಬ ಕ್ಯಾಪ್ಟನ್ 1894ರ ಡಿಸೆಂಬರಿನಲ್ಲಿ ವಿವರಿಸಿದನು. ಪ್ರತಿ ಠಾಣೆಯಲ್ಲಿಯೂ ಮಾಮೂಲು ಎತ್ತಲು ಸಾದಾ ಉಡುಪಿನ ಒಬ್ಬ ನಂಬಿಕೆಯ ಪೇದೆ ಇರುತ್ತಿದ್ದನು. ಅವನು ಜೂಜುಕಟ್ಟೆ, ವೇಶ್ಯಾಗೃಹ, ಮದ್ಯದಂಗಡಿಗಳಿಂದ ತಿಂಗಳು ತಿಂಗಳೂ ಹಣ ಎತ್ತಿ, ತನ್ನ ಪಾಲನ್ನು ಹಿಡಿದುಕೊಂಡು, ಉಳಿದುದನ್ನು ಕ್ಯಾಪ್ಟನನಿಗೆ ಒಪ್ಪಿಸುವನು; ಕ್ಯಾಪ್ಟನನು ಅದರಲ್ಲಿ ಒಂದು ಭಾಗವನ್ನು ಇನ್‌ಸ್ಪೆಕ್ಟರನಿಗೆ ಮುಟ್ಟಿಸುವನು. ಅಧಿಕಾರ ಮೇಲಿನಿಂದ ಕೆಳಕ್ಕೆ ಇಳಿದು ಬರಬೇಕಾದ ಮೆಟ್ಟಿಲುಗಳಲ್ಲಿಯೇ ಹಣವು ಕೆಳಗಿನಿಂದ ಮೇಲಕ್ಕೆ ಏರುತ್ತಿದ್ದಿತು.

ಇಂಥ ಕಡೆ ನಾಯಕತ್ವದ ಗತಿಯೇನು? ಅಲೆಕ್ಸಾಂಡರ್ ವಿಲಿಯಮ್ಸ್ ಎಂಬ ಇನ್‌ಸ್ಪೆಕ್ಟರನು ದೊಣ್ಣೆಯ ಹೊಡೆತಕ್ಕೆ ಪ್ರಸಿದ್ಧನಾಗಿ ‘ದೊಣ್ಣೆಯ ವಿಲಿಯಮ್ಸ್’ ಎಂದೇ ಹೆಸರಾಗಿದ್ದನು. ಅವನ ಮೇಲೆ ಮುನ್ನೂರಕ್ಕಿಂತ ಹೆಚ್ಚು ದೂರುಗಳು ಬಂದಿದ್ದುವು. ಆದರೂ ಅನೇಕ ಸಲ ದಂಡ ತೆತ್ತು ಅವನು ಮೇಲೇರುತ್ತಲೇ ಇದ್ದನು. ಕನೆಕ್ಟಿಕಟ್ಟಿನಲ್ಲಿ ಅವನಿಗೊಂದು ವಿಹಾರಗೃಹವೂ, ವಿಹಾರನೌಕೆಯೂ ಇದ್ದುವು. ಈ ಐಶ್ವರ್ಯ ಎಲ್ಲಿಂದ ಬಂತೆಂದು ಸಮಿತಿ ಕೇಳಿದಾಗ, ಜಪಾನಿನಲ್ಲಿ ನಿವೇಶನಗಳನ್ನು ಕೊಂಡು ಮಾರಿದುದರಿಂದ ಎಂದನು! ಅವನ ಮೇಲಿನ ಸೂಪರಿಂಟೆಂಡೆಂಟ್ ತಾಮಸ್ ಬರ್ನ್ಸ್ ಬೇರೆ ಜಾತಿಯವನು. ಪತ್ತೇದಾರಿ ವಿಭಾಗವನ್ನು ಹೊಸದಾಗಿ ಕಟ್ಟಿದ ಮೇಧಾವಿ. 1886ರಲ್ಲಿ ಅಪರಾಧಿಗಳನ್ನು ಕುರಿತು ಅವನು ಪ್ರಕಟಿಸಿದ ಗ್ರಂಥ ಖ್ಯಾತವಾದುದು. ಆದರೆ ತನಗೆ ಸುಮಾರು ಮೂರೂವರೆ ಲಕ್ಷ ಡಾಲರುಗಳ ಆಸ್ತಿಯಿದೆಯೆಂದೂ, ವಾಲ್ ಸ್ಟ್ರೀಟಿನ ಧನಿಕರು ಷೇರು ವ್ಯವಹಾರದಲ್ಲಿ ನೆರವಾದುದರಿಂದ ಅದು ಕೂಡಿತೆಂದೂ ಅವನೇ ಒಪ್ಪಿಕೊಂಡನು. ಧನಿಕರ ಉಪಕಾರ ಹೊತ್ತವನು ಧನಿಕರನ್ನು ಹೇಗೆ ವಿಚಾರಿಸಿಯಾನು? ಕೆಳಗಿನವರ ಮಾಮೂಲನ್ನು ಯಾವ ಬಾಯಿಂದ ಖಂಡಿಸಿಯಾನು? ದಕ್ಷತೆಯೊಂದೇ ನಾಯಕತ್ವವಲ್ಲವೆಂಬುದಕ್ಕೆ ಬರ್ನ್ಸನೇ ಸಾಕ್ಷಿ.

1895ರ ಮೇ ತಿಂಗಳಲ್ಲಿ ಹೊಸ ಮೇಯರನು ಥಿಯೊಡೋರ್ ರೂಸ್‌ವೆಲ್ಟನನ್ನು ಪೊಲೀಸ್ ಮಂಡಲಿಗೆ ನೇಮಿಸಿದನು. ರೂಸ್‌ವೆಲ್ಟನೇ ಮಂಡಲಿಯ ಅಧ್ಯಕ್ಷನಾದನು. ಮುಂದೆ ಅಮೆರಿಕದ ರಾಷ್ಟ್ರಾಧ್ಯಕ್ಷನಾದವನು ಇವನೇ. ಬಂದ ತಿಂಗಳಲ್ಲಿಯೇ ಬರ್ನ್ಸನೂ ವಿಲಿಯಮ್ಸನೂ ನಿವೃತ್ತರಾಗಿ ಹೋದರು. ಹೊಸಬರ ನೇಮಕಕ್ಕೆ ದೇಹಪರೀಕ್ಷೆ, ಲಿಖಿತ ಪರೀಕ್ಷೆಗಳು ಕಟ್ಟುನಿಟ್ಟಾದುವು. ಪಕ್ಷದ ಶಿಫಾರಸಿಗೆ ಬೆಲೆಯಿಲ್ಲವಾಯಿತು. ಪಿಸ್ತೂಲಿನ ಶಿಕ್ಷಣವೂ ಸೈಕಲ್ ದಳವೂ ಆರಂಭವಾದುವು. ಎಲ್ಲಕ್ಕಿಂತ ಹೆಚ್ಚಾಗಿ ರೂಸ್‌ವೆಲ್ಟನು ಜೇಕಬ್ ರೀಸ್ ಎಂಬ ಪತ್ರಕರ್ತನೊಡನೆ ಮಧ್ಯರಾತ್ರಿಯಲ್ಲಿ ಬೀದಿಗಳನ್ನು ಸುತ್ತಿ, ಪಹರೆಯ ಪೇದೆಗಳು ಎಲ್ಲಿದ್ದಾರೆಂದು ತಾನೇ ನೋಡುತ್ತಿದ್ದನು. ನಿದ್ರಿಸುತ್ತಿದ್ದವನು, ಮದ್ಯದಂಗಡಿಯಲ್ಲಿ ಕುಳಿತಿದ್ದವನು ಮರುದಿನ ಅವನ ಮೇಜಿನ ಮುಂದೆ ನಿಲ್ಲಬೇಕಾಯಿತು. ತನ್ನ ಗಸ್ತಿನಲ್ಲಿದ್ದವನಿಗೆ ಪ್ರಶಂಸೆ ದೊರೆಯಿತು. ತಮ್ಮನ್ನು ಯಾರೋ ನೋಡುತ್ತಿದ್ದಾರೆ, ನೋಡುವವನು ಪಾಲು ಕೇಳುವುದಿಲ್ಲ ಎಂಬ ಭಾವನೆ ಇಲಾಖೆಗೆ ಹೊಸದು.

ಆದರೆ ಒಬ್ಬ ಸಮರ್ಥನು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಭಾನುವಾರ ಮದ್ಯ ಮಾರಬಾರದೆಂಬ ಕಾನೂನು ಆಗ ಇದ್ದಿತು. ಜನರಿಗೆ ಅದು ಬೇಡವಾಗಿತ್ತು. ಹಣ ಕೊಟ್ಟ ಅಂಗಡಿಯ ಹಿಂಬಾಗಿಲು ತೆರೆದಿರುತ್ತಿತ್ತು. ಕೊಡದವನ ಮೇಲೆ ಮೊಕದ್ದಮೆ. ಆಚರಣೆಗೆ ಬಾರದ ಕಾನೂನು ಮಾಮೂಲಿನ ಬುಗ್ಗೆ ಎಂದು ಕಂಡ ರೂಸ್‌ವೆಲ್ಟನು ಅದನ್ನು ಎಲ್ಲರಿಗೂ ಸಮನಾಗಿ ಜಾರಿಗೆ ತಂದನು. ದುಡಿಯುವ ಜನರಿಗಿದ್ದ ಒಂದೇ ಬಿಡುವಿನ ದಿನದ ಸಂತೋಷವೂ ಇದರಿಂದ ಹೋಯಿತು. ಅವನನ್ನು ಮೆಚ್ಚಿದ್ದವರೇ ಮುನಿದರು.

ಇದಕ್ಕಿಂತ ದೊಡ್ಡ ತೊಡಕು ಬಡ್ತಿಯ ವಿಷಯದಲ್ಲಿಯೇ ಬಂದಿತು. ಎರಡು ಪಕ್ಷಗಳೂ ಒಂದನ್ನೊಂದು ಕಾಯಲೆಂದು ಕಾನೂನು ಅಧಿಕಾರವನ್ನು ಹಂಚಿತ್ತು. ಇದರಿಂದ ಇಲಾಖೆಯ ಮುಖ್ಯಾಧಿಕಾರಿಯ ಬೆಂಬಲವಿದ್ದರೆ ಒಬ್ಬನೇ ಕಮಿಷನರನೂ ಉಳಿದ ಮೂವರನ್ನು ತಡೆಯಬಹುದಾಗಿತ್ತು. ಆಂಡ್ರೂ ಪಾರ್ಕರ್ ಎಂಬ ಕಮಿಷನರನು 1896ರಲ್ಲಿ ಹೀಗೆಯೇ ಮಾಡಿದನು. ಇನ್‌ಸ್ಪೆಕ್ಟರ್ ಪದವಿಗೆ ಅರ್ಹರಾದವರು ಹಂಗಾಮಿಯಾಗಿಯೇ ಕೊಳೆಯಬೇಕಾಯಿತು. ಹಣದ ಬದಲು ಹಟವು ಬಂದು ಬಾಗಿಲಲ್ಲಿ ನಿಂತಿತು. ಯಾರೂ ಹೊಣೆಯಲ್ಲದ ಕಡೆ ಬಡ್ತಿ ನಿಂತುಹೋದರೂ ಕೇಳುವವರಿಲ್ಲ. 1897ರ ಏಪ್ರಿಲಿನಲ್ಲಿ ರೂಸ್‌ವೆಲ್ಟನು ನೌಕಾ ಇಲಾಖೆಗೆ ಹೊರಟುಹೋದನು. ಆ ವರ್ಷದ ಚುನಾವಣೆಯಲ್ಲಿ ಟ್ಯಾಮನಿ ಮತ್ತೆ ಗೆದ್ದಿತು. ಹಿಂದೆ ಭ್ರಷ್ಟಾಚಾರದ ಆಪಾದನೆಯಿಂದ ವಜಾ ಆಗಿ ನ್ಯಾಯಾಲಯದ ಮೂಲಕ ಹಿಂದಿರುಗಿದ್ದ ವಿಲಿಯಂ ಡೆವರಿ ಎಂಬುವನೇ 1898ರಲ್ಲಿ ಮುಖ್ಯಾಧಿಕಾರಿಯಾದನು. 1901ರಲ್ಲಿ ರಾಜ್ಯದ ಶಾಸನಸಭೆ ಮಂಡಲಿಯನ್ನೇ ತೆಗೆದುಹಾಕಿ, ಒಬ್ಬನೇ ಕಮಿಷನರನನ್ನು ಹೊಣೆಗಾರನನ್ನಾಗಿ ಮಾಡಿತು.

ಅಲ್ಲಿಗೂ ಕಥೆ ಮುಗಿಯಲಿಲ್ಲ. 1970ರಲ್ಲಿ ಅದೇ ನಗರದಲ್ಲಿ ನ್ಯಾಪ್ ಆಯೋಗ ಕುಳಿತು, ತಿಂಗಳ ಮಾಮೂಲು ಇನ್ನೂ ನಡೆಯುತ್ತಿದೆಯೆಂದು 1972ರ ವರದಿಯಲ್ಲಿ ತಿಳಿಸಿತು. ಸಿಕ್ಕಿದ್ದನ್ನು ಮೇಯುವವರು ಕೆಲವರು, ಬೇಟೆಯಾಡಿ ತಿನ್ನುವವರು ಕೆಲವರು ಎಂದು ಅದು ವಿಂಗಡಿಸಿತು. ಈ ಸಲದ ಸುಧಾರಣೆಯಲ್ಲಿ ಒಂದು ಹೊಸ ತತ್ತ್ವವಿತ್ತು: ಕೆಳಗಿನವನ ಭ್ರಷ್ಟತೆಗೆ ಮೇಲಿನ ಅಧಿಕಾರಿಯೂ ಉತ್ತರ ಹೇಳಬೇಕು. ನನಗೆ ತಿಳಿಯದು ಎಂಬುದು ಅಧಿಕಾರಿಗೆ ರಕ್ಷೆಯಲ್ಲ. ತಿಳಿಯುವುದಕ್ಕಾಗಿಯೇ ಅವನಿಗೆ ಸಂಬಳ.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಪರೀಕ್ಷೆ ಬೇಕು, ಆದರೆ ಪರೀಕ್ಷೆಯ ಪಟ್ಟಿಗೂ ನೇಮಕದ ಆಜ್ಞೆಗೂ ನಡುವೆ ದಲ್ಲಾಳಿಗೆ ಸ್ಥಳವಿರಬಾರದು. ಮೇಲಧಿಕಾರಿ ಶುದ್ಧನಾಗಿರಬೇಕು, ಆದರೆ ಅವನು ಹೋದ ಮೇಲೂ ನಿಲ್ಲುವ ಕ್ರಮವಿರಬೇಕು. ಅಧಿಕಾರಕ್ಕೆ ಅಂಕುಶ ಬೇಕು. ಆದರೆ ಅಂಕುಶ ಹಿಡಿಯುವ ಕೈಗಳು ಹೆಚ್ಚಾದಂತೆ ಹೊಣೆ ಮಾಯವಾಗಬಾರದು. ಮೂರರಲ್ಲಿ ಯಾವುದೊಂದು ತಪ್ಪಿದರೂ ಉಳಿದೆರಡು ನಿಲ್ಲವು.

ಇದು ದೂರದ ಊರಿನ ಹಳೆಯ ಮಾತೆಂದು ನಾವು ಪುಟ ಮಗುಚುವಂತಿಲ್ಲ. ನ್ಯೂಯಾರ್ಕಿನ ದರಪಟ್ಟಿ ಆರಂಭವಾಗುತ್ತಿದ್ದುದು ಕೆಳಗಿನ ಮೆಟ್ಟಿಲಿನ ಮುನ್ನೂರು ಡಾಲರಿನಿಂದ. ನಮ್ಮ ರಾಜ್ಯದಲ್ಲಿಯೇ 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗಾಗಿ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯನ್ನು ಅಕ್ರಮಗಳ ಕಾರಣದಿಂದ 2022ರಲ್ಲಿ ರದ್ದುಪಡಿಸಬೇಕಾಯಿತು. 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ನಡೆಯಿತು. ಹಗಲಿರುಳು ಓದಿ ಬರೆದಿದ್ದ ಪ್ರಾಮಾಣಿಕರೂ ಈ ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಅಂಥ ಪರೀಕ್ಷೆಗಳಿಗೆ ಕುಳಿತುಕೊಳ್ಳುವವರು ಯಾರು? ನಮ್ಮಂಥ ಸರಕಾರಿ ಕಾಲೇಜುಗಳ ಬೆಂಚುಗಳಿಂದ ಎದ್ದು ಹೋಗುವವರೇ. ಹೊಲವನ್ನೋ ಮನೆಯನ್ನೋ ಅಡವಿಟ್ಟು ಕೆಲಸ ಕೊಂಡವನು ಸಮವಸ್ತ್ರ ತೊಡುವ ಮೊದಲೇ ಸಾಲಗಾರ. ಆ ಸಾಲವನ್ನು ಕೊನೆಗೆ ತೀರಿಸುವವರು ಠಾಣೆಗೆ ದೂರು ಹೊತ್ತು ಬರುವ ಬಡವರು. ಬೇಲಿಯೇ ಹೊಲವನ್ನು ಮೇಯಿತೆಂದು ಮುಂದೆ ಗೋಳಾಡುವುದಕ್ಕಿಂತ, ಬೇಲಿಗೆ ನಾಟುವ ಗೂಟವನ್ನು ಇಂದೇ ನೋಡಿ ಆರಿಸುವುದು ಲೇಸು. ಆ ಗೂಟಗಳಲ್ಲಿ ಕೆಲವು ನಾವೇ ಆಗಲಿರುವೆವು ಎಂಬುದನ್ನು ನಾವು ಮರೆಯಬಾರದು.